ಡಾ. ಅಂಬೇಡ್ಕರರ ವಿಚಾರವೂ ನಮ್ಮ ಗ್ರಾಮಸಭೆಯೂ



ಈ ಪತ್ರಿಕೆಯ ಪುಟಗಳಲ್ಲಿ ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ಕಂಬಳಿಹುಳುವಿನ ಹತೋಟಿ ಮೊದಲಾದವುಗಳನ್ನು ಓದುವುದು ನಿಮಗೆ ರೂಢಿ. ನಾನು ಓದಿದ್ದೂ ಕೃಷಿ ಡಿಪ್ಲೊಮಾ. ಮಣ್ಣು, ಗೊಬ್ಬರ, ಬೆಳೆ ಇವೇ ನನ್ನ ಕಸುಬಿನ ಮಾತು. ಆದರೂ ಈ ಸಲ ಆಡಳಿತಕ್ಕೆ ಸಂಬಂಧಿಸಿದ ಒಂದು ಪಾಠವನ್ನು ತೆಗೆದುಕೊಂಡಿದ್ದೇನೆ. ಏಕೆಂದರೆ ಹೊಲಕ್ಕೆ ಗಾಡಿ ಹೋಗುವ ದಾರಿ, ಕೆರೆಯ ಹೂಳು, ಬೀದಿಯ ನಲ್ಲಿ, ಮನೆ ಪಡೆಯುವವರ ಪಟ್ಟಿ ಇವೆಲ್ಲ ಗ್ರಾಮಸಭೆಯ ಮುಂದೆ ಬರತಕ್ಕ ವಿಷಯಗಳು. ಅಲ್ಲಿ "ಇದು ಊರಿನ ತೀರ್ಮಾನ" ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಊರು ಎಂದರೆ ಯಾರು? ಕಟ್ಟೆಯ ಮೇಲೆ ಕುಳಿತ ನಾಲ್ಕು ಜನರೋ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೋ?

ಈ ಪ್ರಶ್ನೆಯನ್ನು ದೇಶದ ಅತಿ ದೊಡ್ಡ ಸಭೆಯಲ್ಲಿಯೇ ಒಬ್ಬರು ಎತ್ತಿದ್ದರು. ಅವರು ಡಾ. ಬಿ. ಆರ್. ಅಂಬೇಡ್ಕರರು. 1947ರ ಆಗಸ್ಟ್‌ನಲ್ಲಿ ಸಂವಿಧಾನದ ಕರಡು ಸಮಿತಿ ನೇಮಕವಾಯಿತು. ಅವರು ಅದರ ಅಧ್ಯಕ್ಷರಾದರು. ಕರಡನ್ನು ಚರ್ಚೆಗೆ ಮಂಡಿಸುತ್ತ 1948ರ ನವೆಂಬರ್ 4ರಂದು ಅವರು ಮಾಡಿದ ಭಾಷಣದಲ್ಲಿ ಹಳ್ಳಿಗಳನ್ನು ಕುರಿತ ಒಂದು ಮಾತು ಬಂತು. ಹಳ್ಳಿಯೆಂಬುದು ಸಂಕುಚಿತ ಬುದ್ಧಿಯ, ಅಜ್ಞಾನದ, ಜಾತಿಮತಗಳ ಪಕ್ಷಪಾತದ ಗೂಡು. ನಮ್ಮ ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಆಡಳಿತದ ಘಟಕವಾಗಿ ಹಿಡಿದಿರುವುದು ನನಗೆ ಸಂತೋಷ ಎಂಬುದು ಆ ಮಾತಿನ ತಾತ್ಪರ್ಯ.

ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಚುಚ್ಚುತ್ತದೆ. ಆ ಸಭೆಯಲ್ಲಿಯೂ ಹಲವರಿಗೆ ಚುಚ್ಚಿತು. ರೈತ ನಾಯಕರಾದ ಎನ್. ಜಿ. ರಂಗಾ, ಎಚ್. ವಿ. ಕಾಮತ್ ಮೊದಲಾದವರು ಎದ್ದು ನಿಂತು ಇದನ್ನು ಖಂಡಿಸಿದರು. ಗಾಂಧೀಜಿಯವರು ತೀರಿಕೊಂಡು ಆಗಿನ್ನೂ ಒಂದು ವರ್ಷವಾಗಿರಲಿಲ್ಲ. ಸ್ವತಂತ್ರ ಭಾರತವನ್ನು ಹಳ್ಳಿಯ ತಳಹದಿಯ ಮೇಲೆ ಕಟ್ಟಬೇಕೆಂಬುದು ಅವರ ಆಸೆಯಾಗಿತ್ತು. ವಯಸ್ಸಿಗೆ ಬಂದ ಗಂಡಸರೂ ಹೆಂಗಸರೂ ಕೂಡಿ ಪ್ರತಿವರ್ಷ ಐದು ಜನರ ಪಂಚಾಯಿತಿಯನ್ನು ಆರಿಸಬೇಕೆಂದು ಅವರು 1942ರಲ್ಲಿಯೇ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಬರೆದಿದ್ದರು. ಅಂಥವರ ಕನಸನ್ನು ಕರಡು ಮರೆತಿದೆಯೆಂಬುದು ಸದಸ್ಯರ ದೂರು. ಕೆ. ಸಂತಾನಂ ಅವರು 1948ರ ನವೆಂಬರ್ 22ರಂದು ಒಂದು ತಿದ್ದುಪಡಿ ತಂದರು: ಸರ್ಕಾರವು ಗ್ರಾಮ ಪಂಚಾಯಿತಿಗಳನ್ನು ರಚಿಸಿ, ಸ್ವಯಂ ಆಡಳಿತಕ್ಕೆ ಬೇಕಾದ ಅಧಿಕಾರವನ್ನು ಅವುಗಳಿಗೆ ಕೊಡಬೇಕು. ಅಂಬೇಡ್ಕರರು ವಾದ ಬೆಳೆಸದೆ ಅದನ್ನು ಒಪ್ಪಿಕೊಂಡರು. ಅದೇ ಸಂವಿಧಾನದ 40ನೆಯ ವಿಧಿ.

ಹಾಗಾದರೆ ಅವರು ಮೊದಲು ಅಷ್ಟು ಕಟುವಾಗಿ ಏಕೆ ಮಾತನಾಡಿದರು? ಇದನ್ನು ತಿಳಿಯದೆ ಅವರನ್ನು ಹಳ್ಳಿಯ ವೈರಿ ಎನ್ನುವುದು ಅನ್ಯಾಯ.

ಮುಂಬಯಿ ಪ್ರಾಂತ್ಯದಲ್ಲಿ ಕೊಲಾಬ ಜಿಲ್ಲೆಯ ಮಹಾಡ್ ಎಂಬ ಊರಿನಲ್ಲಿ ಚವದಾರ್ ಕೆರೆ ಎಂಬುದೊಂದಿತ್ತು. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರೆನಿಸಿಕೊಂಡಿದ್ದ ಜನರಿಗೂ ತೆರೆದಿರಬೇಕೆಂದು ಪ್ರಾಂತ್ಯದ ಶಾಸನ ಸಭೆ 1923ರಲ್ಲಿ ಗೊತ್ತುವಳಿ ಮಾಡಿತು. ಮಹಾಡಿನ ಪುರಸಭೆಯೂ 1924ರಲ್ಲಿ ಅದಕ್ಕೆ ಒಪ್ಪಿತು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಒಬ್ಬನೂ ಆ ನೀರನ್ನು ಮುಟ್ಟಲಾಗಲಿಲ್ಲ, ಊರು ಬಿಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಅಂದೇ ದೊಣ್ಣೆ ಹಿಡಿದ ಗುಂಪು ಅವರ ಜನರ ಮೇಲೆ ಬಿತ್ತು. ಆಮೇಲೆ ಕೆರೆಯನ್ನು 'ಶುದ್ಧ' ಮಾಡಿದ್ದೂ ಆಯಿತು! ದನ ಕುಡಿಯುವ ನೀರನ್ನು ಮನುಷ್ಯ ಮುಟ್ಟಿದ್ದಕ್ಕೆ ಶುದ್ಧಿ. ಮೊಕದ್ದಮೆ ಹತ್ತು ವರ್ಷ ಎಳೆದು, 1937ರಲ್ಲಿ ಮುಂಬಯಿ ಹೈಕೋರ್ಟು ಅವರ ಪಕ್ಷಕ್ಕೆ ತೀರ್ಪು ಕೊಟ್ಟಿತು.

ನಮಗೆ ಇನ್ನೂ ಹತ್ತಿರದ ಸಂಗತಿ ಹೇಳುತ್ತೇನೆ. ಬೆಳಗಾವಿ, ಬಿಜಾಪುರ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅಲ್ಲಿ ವತನ ಪದ್ಧತಿ ಇದ್ದದ್ದು ಹಿರಿಯರಿಗೆ ಗೊತ್ತು. ಗೌಡ, ಕುಲಕರ್ಣಿಗಳಿಗೆ ವತನವಿದ್ದಂತೆ ಊರಿನ ಕೆಳದರ್ಜೆಯ ಚಾಕರಿಯವರಿಗೂ ವತನ ಇತ್ತು. ಆದರೆ ಇವರ ವತನವೆಂದರೆ ಒಂದು ತುಂಡು ನೆಲ, ಸುಗ್ಗಿಯಲ್ಲಿ ರೈತರು ಕೊಡುವ ಕಾಳು; ಅದರ ಬದಲಿಗೆ ಹಗಲು ರಾತ್ರಿಯೆನ್ನದೆ ಸರ್ಕಾರದ, ಊರಿನ ಕರೆಗೆ ಓಡಬೇಕು. ತಂದೆ ಇಲ್ಲದಿದ್ದರೆ ಮಗ, ಮಗ ಇಲ್ಲದಿದ್ದರೆ ಮನೆಯ ಇನ್ನೊಬ್ಬರು. ಅಂಬೇಡ್ಕರರು 1928ರಲ್ಲಿ ಈ ಕಟ್ಟನ್ನು ಸಡಿಲಿಸಲು ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ವಂಶಪಾರಂಪರ್ಯ ರದ್ದಾದದ್ದು 1961ರ ಕಾಯ್ದೆಯಿಂದ. ರೈತರ ವಿಷಯದಲ್ಲಿಯೂ ಅವರು ಹೀಗೆಯೇ ನಡೆದುಕೊಂಡವರು. ಕೊಂಕಣದಲ್ಲಿ ಸರ್ಕಾರಕ್ಕೂ ಗೇಣಿದಾರನಿಗೂ ನಡುವೆ ಕುಳಿತು ಕಂದಾಯ ವಸೂಲಿ ಮಾಡುತ್ತಿದ್ದ ಖೋತರ ಪದ್ಧತಿಯನ್ನು ತೆಗೆದುಹಾಕಬೇಕೆಂದು 1937ರ ಸೆಪ್ಟೆಂಬರಿನಲ್ಲಿ ಮಸೂದೆ ಮಂಡಿಸಿದರು. ಮರುವರ್ಷ ಜನವರಿಯಲ್ಲಿ ಗೇಣಿದಾರ ರೈತರ ದೊಡ್ಡ ಮೆರವಣಿಗೆಯನ್ನು ಮುಂಬಯಿಯ ಶಾಸನ ಸಭೆಗೆ ಕರೆದೊಯ್ದರು.

ಇಷ್ಟನ್ನು ಕಂಡುಂಡವರ ಮುಂದೆ ಯಾರಾದರೂ "ಭಾರತದ ಹಳ್ಳಿಗಳು ಪುಟ್ಟ ಪುಟ್ಟ ಗಣರಾಜ್ಯಗಳು" ಎಂದರೆ ಅವರು ಏನೆಂದುಕೊಂಡಾರು? ಹಾಗೆಂದು 1830ರಲ್ಲಿ ಬರೆದವನು ಮೆಟ್‌ಕಾಫ್ ಎಂಬ ಇಂಗ್ಲಿಷ್ ಅಧಿಕಾರಿ. ರಾಜರು ಬಂದರು ಹೋದರು, ಹಳ್ಳಿ ಮಾತ್ರ ಹಾಗೆಯೇ ಉಳಿಯಿತು ಎಂಬುದು ಅವನ ಹೊಗಳಿಕೆ. ಅಂಬೇಡ್ಕರರು ತಮ್ಮ ಭಾಷಣದಲ್ಲಿ ಆ ಮಾತನ್ನೇ ತೆಗೆದುಕೊಂಡು, ಉಳಿದದ್ದೇನೋ ನಿಜ, ಆದರೆ ಬರಿದೆ ಉಳಿದುಕೊಂಡಿರುವುದಕ್ಕೆ ಬೆಲೆ ಏನು, ಯಾವ ಮಟ್ಟದಲ್ಲಿ ಉಳಿದವು ಎಂದು ಕೇಳಿದರು.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಅವರ ಮಾತಿನಲ್ಲಿ ಹಳ್ಳಿಯ ಒಂದು ಮುಖ ಬಿಟ್ಟುಹೋಗಿದೆ. ನಾಟಿಯ ಕಾಲದಲ್ಲಿ ಮುಯ್ಯಾಳು ಹೋಗುವುದು, ಬಣವೆಗೆ ಬೆಂಕಿ ಬಿದ್ದರೆ ಊರಿಗೆ ಊರೇ ಕೊಡ ಹಿಡಿದು ಓಡುವುದು, ಇವೂ ಹಳ್ಳಿಯೇ. ಆದರೆ ಹಳೆಯ ಕಾಲದಲ್ಲಿ ಕೆರೆಯ ಹೂಳೆತ್ತುವಾಗ ಏರಿಯ ಮೇಲೆ ನಿಂತವರು ಯಾರು, ಬುಟ್ಟಿ ಹೊತ್ತವರು ಯಾರು, ಆ ನೀರು ಹರಿದದ್ದು ಯಾರ ಗದ್ದೆಗೆ ಎಂದು ವಿಚಾರಿಸಿದರೆ ಅವರ ಮಾತಿನ ತೂಕ ತಿಳಿಯುತ್ತದೆ.

ವ್ಯಕ್ತಿಯೇ ಘಟಕವೆಂದರೇನು? ಇದಕ್ಕೆ ನನ್ನ ಕಸುಬಿನಿಂದಲೇ ಒಂದು ಹೋಲಿಕೆ ಕೊಡಬಹುದು. ಮಣ್ಣು ಪರೀಕ್ಷೆಗೆ ಹೊಲದ ಹತ್ತಾರು ಕಡೆ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಕಳಿಸುತ್ತೇವೆ. ಆದರೆ ಹೊಲದ ಒಂದು ಮೂಲೆ ಚೌಳಾಗಿದ್ದರೆ ಆ ಮಣ್ಣನ್ನು ಉಳಿದದ್ದರ ಜೊತೆ ಬೆರೆಸಕೂಡದು. ಅದಕ್ಕೆ ಬೇರೆ ಚೀಲ, ಬೇರೆ ಚೀಟಿ. ಬೆರೆಸಿದರೆ ಚೌಳಿನ ಸುದ್ದಿ ಸರಾಸರಿಯೊಳಗೆ ಅಡಗಿಹೋಗುತ್ತದೆ, ಹೊಲ ಚೆನ್ನಾಗಿದೆಯೆಂದು ವರದಿ ಬರುತ್ತದೆ, ಆ ಮೂಲೆಯಲ್ಲಿ ಮಾತ್ರ ಪೈರು ಏಳುವುದಿಲ್ಲ. "ಊರಿಗೆಲ್ಲ ಒಪ್ಪಿಗೆ" ಎಂಬುದೂ ಹೀಗೆ ಬೆರೆಸಿದ ಮಣ್ಣು. ಒಪ್ಪದವನ ಮಾತು ಅದರಲ್ಲಿ ಕಾಣುವುದಿಲ್ಲ.

ಪಂಚಾಯಿತಿಗಳ ವಿಷಯದಲ್ಲಿ ಅವರಿಗೆ ಈ ಅನುಮಾನ ಮೊದಲಿನಿಂದಲೂ ಇತ್ತು. 1932ರ ಅಕ್ಟೋಬರಿನಲ್ಲಿ ಮುಂಬಯಿ ಶಾಸನ ಸಭೆಗೆ ಗ್ರಾಮ ಪಂಚಾಯಿತಿ ಮಸೂದೆ ಬಂದಾಗ, ದುರ್ಬಲ ವರ್ಗದವರಿಗೆ ಅದರಲ್ಲಿ ಖಚಿತವಾದ ಸ್ಥಾನಗಳಿರಬೇಕೆಂದು ಹಟ ಹಿಡಿದರು. ಜಾತಿಜಾತಿಯಾಗಿ ಒಡೆದಿರುವ ಊರಿನಲ್ಲಿ ಕೈಯೆತ್ತಿಸಿ ಎಣಿಸಿದರೆ ಸಣ್ಣ ಗುಂಪಿನವರು ಎಂದೆಂದಿಗೂ ಒಳಗೆ ಬರಲಾರರು. ಅಂಥ ಪಂಚಾಯಿತಿಗೆ ನ್ಯಾಯ ತೀರಿಸುವ ಅಧಿಕಾರವನ್ನೂ ಕೊಟ್ಟರೆ ಬಡವನ ಗತಿಯೇನು? ಇದು ಅವರ ವಾದ. ಪಂಚಾಯಿತಿಯೇ ಬೇಡವೆಂಬುದು ಅದರ ಅರ್ಥವಲ್ಲ. ಬಾಗಿಲಲ್ಲಿ ನಿಂತವನನ್ನು ಒಳಗೆ ಕೂರಿಸುವ ಏರ್ಪಾಡು ಮೊದಲು ಆಗಲಿ ಎಂಬುದು.

ಮತದಾನದ ಹಕ್ಕಿನ ಸಂಗತಿಯೂ ಹೀಗೆಯೇ. ಬ್ರಿಟಿಷರ ಕಾಲದಲ್ಲಿ ಮತ ಇದ್ದದ್ದು ಕಂದಾಯ ಕಟ್ಟುವವರಿಗೆ, ಆಸ್ತಿ ಇದ್ದವರಿಗೆ, ಇಷ್ಟು ಓದಿದವರಿಗೆ ಎಂದು. ನಮ್ಮ ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕೂಡಿಸಿದ್ದು ಹೆಮ್ಮೆಯ ವಿಷಯವೇ. ಆದರೆ ಅದರಲ್ಲಿಯೂ ಮೊದಲು ಬಂದು ಕುಳಿತವರು ಭೂಮಿಯುಳ್ಳವರು, ವರ್ತಕರು. ಕೂಲಿಯವನಿಗೆ ಓದು ಬರದಿದ್ದರೂ ತನಗೆ ಯಾವುದು ಹಿತ, ಯಾವುದು ಅಹಿತ ಎಂಬುದು ಗೊತ್ತಿರುತ್ತದೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ಅಂಬೇಡ್ಕರರು ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತ ಬೇಕೆಂದರು. ಸಂವಿಧಾನದ 326ನೆಯ ವಿಧಿಯಲ್ಲಿ ಅದು ನೆಲೆಗೊಂಡಿತು. 1951-52ರ ಮೊದಲ ಮಹಾಚುನಾವಣೆಯಲ್ಲಿ ನೂರೆಕರೆಯ ಪಟೇಲರ ಚೀಟಿಯೂ ಅವರ ಜೀತದಾಳಿನ ಚೀಟಿಯೂ ಒಂದೇ ಪೆಟ್ಟಿಗೆಗೆ, ಒಂದೇ ತೂಕದಲ್ಲಿ ಬಿದ್ದವು.

ಈಗ 40ನೆಯ ವಿಧಿಗೆ ಹಿಂದಿರುಗೋಣ. ಅದು ಸಂವಿಧಾನದ ನಿರ್ದೇಶಕ ತತ್ತ್ವಗಳ ಭಾಗದಲ್ಲಿದೆ. ಅಂದರೆ ಸರ್ಕಾರ ನಡೆಸದಿದ್ದರೆ ಅದನ್ನೇ ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು, 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ ವರದಿ ಕೊಟ್ಟಿತು, ನಮ್ಮಲ್ಲಿ 1959ರಲ್ಲಿ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಬೋರ್ಡುಗಳ ಕಾಯ್ದೆ ಬಂತು. ಆದರೂ ಚುನಾವಣೆ ನಡೆಸುವುದು ಬಿಡುವುದು ಬಹುಮಟ್ಟಿಗೆ ರಾಜ್ಯ ಸರ್ಕಾರಗಳ ಮರ್ಜಿಯಾಗಿಯೇ ಉಳಿಯಿತು. ಕರ್ನಾಟಕವು ಇದರಲ್ಲಿ ಒಂದು ಹೆಜ್ಜೆ ಮುಂದಿಟ್ಟಿತೆನ್ನಬೇಕು. 'ನೀರು ಸಾಬ್' ಎಂದು ಜನ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದಿತು. ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು.

ಕೊನೆಗೆ 1992ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯಾಗಿ, 1993ರ ಏಪ್ರಿಲ್ 24ರಿಂದ ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ, ಅದಕ್ಕೆ ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗ, ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮಸಭೆ, ಜನಸಂಖ್ಯೆಗೆ ತಕ್ಕಂತೆ ಪರಿಶಿಷ್ಟ ಜಾತಿ ಮತ್ತು ವರ್ಗಗಳಿಗೆ ಸ್ಥಾನ, ಮಹಿಳೆಯರಿಗೆ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದ ಸ್ಥಾನ. ನಮ್ಮ ರಾಜ್ಯದಲ್ಲಿ ಈ ಕೊನೆಯದು ಅರ್ಧದವರೆಗೆ ಏರಿದೆ. ಗಮನಿಸಿ ನೋಡಿ: ಗಾಂಧೀಜಿ ಕೇಳಿದ ಹಳ್ಳಿಯ ಆಡಳಿತವೂ ಇದರಲ್ಲಿದೆ, 1932ರಲ್ಲಿ ಅಂಬೇಡ್ಕರರು ಹಟ ಹಿಡಿದ ಖಚಿತ ಸ್ಥಾನಗಳೂ ಇದರಲ್ಲಿವೆ. ಒಬ್ಬರದನ್ನು ತೆಗೆದರೆ ಇನ್ನೊಬ್ಬರದು ನಿಲ್ಲುವುದು ಕಷ್ಟ.

ಆದರೆ ನಡೆಯುತ್ತಿರುವುದೇನು? 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಎರಡು ಹಂತದಲ್ಲಿ ಚುನಾವಣೆ ನಡೆಯಿತು. ಆಗ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಊರಿನವರು ಸೇರುವುದು, ಸವಾಲು ಕೂಗುವುದು, ಹೆಚ್ಚು ಕೂಗಿದವನೊಬ್ಬನೇ ನಾಮಪತ್ರ ಕೊಡುವುದು, ಬಂದ ಹಣವನ್ನು ದೇವಸ್ಥಾನಕ್ಕೋ ಊರಿನ ಬೇರೆ ಕೆಲಸಕ್ಕೋ ಹಾಕುವುದು. ಕುರಿ ಸಂತೆಯಲ್ಲಿ ಕೂಗಿದಂತೆಯೇ.

ಇದನ್ನು ಸಮರ್ಥಿಸುವವರೂ ಇದ್ದಾರೆ. ಚುನಾವಣೆಯೆಂದರೆ ಜಗಳ, ಹೆಂಡ, ದುಡ್ಡಿನ ಹಂಚಾಣಿಕೆ; ಹರಾಜಿನಿಂದ ಊರು ಒಂದಾಗಿರುತ್ತದೆ, ದೇವಸ್ಥಾನಕ್ಕೂ ಹಣ ಆಗುತ್ತದೆ ಎನ್ನುತ್ತಾರೆ. ಊರನ್ನು ಘಟಕವೆಂದು ಹಿಡಿದರೆ ಈ ವಾದದಲ್ಲಿ ತಪ್ಪು ಕಾಣುವುದೇ ಇಲ್ಲ, ಊರಿಗೆ ಲಾಭವಾಯಿತಲ್ಲ! ವ್ಯಕ್ತಿಯನ್ನು ಘಟಕವೆಂದು ಹಿಡಿದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಒಂದು ಸಾವಿರ ಮತದಾರರಿದ್ದರೆ ಸಾವಿರ ಜನರ ಒಂದೊಂದು ಮತವನ್ನು ಅವರನ್ನು ಕೇಳದೆ ಮಾರಿದಂತಾಯಿತು. ಹರಾಜಿನಲ್ಲಿ ಕೂಗುವ ಶಕ್ತಿ ಯಾರಿಗಿದೆ? ಎರಡೆಕರೆ ಖುಷ್ಕಿಯ ರೈತನಿಗೋ, ಕೂಲಿಯ ಹೆಂಗಸಿಗೋ? ಮೀಸಲು ಸ್ಥಾನವನ್ನೂ ಕೂಗಿದರೆ, ಮುಂದೆ ನಿಲ್ಲುವವನ ಹಿಂದೆ ಹಣ ಕೊಟ್ಟವನು ಬೇರೆಯವನೇ ಇರುತ್ತಾನೆ. ಹಣ ಹಾಕಿದವನು ಅದನ್ನು ಮರಳಿ ಎತ್ತುವುದು ಚರಂಡಿಯ ಸಿಮೆಂಟಿನಲ್ಲಿ, ರಸ್ತೆಯ ಜಲ್ಲಿಯಲ್ಲಿ. ಇದು ಕಾನೂನಿಗೂ ವಿರುದ್ಧ. ಹರಾಜು ಹಾಕುವವರ ಮೇಲೆ ಕ್ರಮ ಜರುಗಿಸುವುದಾಗಿ ಅಧಿಕಾರಿಗಳು ಆಗ ಎಚ್ಚರಿಸಿದ್ದರು.

ಹಳ್ಳಿಯ ಗೂಡಿನಲ್ಲಿ ವ್ಯಕ್ತಿ ಮುಚ್ಚಿಹೋಗುತ್ತಾನೆಂದು 1948ರಲ್ಲಿ ಅಂಬೇಡ್ಕರರು ಹೇಳಿದ್ದಕ್ಕೆ ಕೋಪಿಸಿಕೊಂಡವರ ಪಕ್ಷ ನಾನೂ ಸ್ವಲ್ಪ ವಹಿಸಿದ್ದೆ. ಈ ಹರಾಜಿನ ಸುದ್ದಿಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ.

ಇನ್ನೊಂದು ರೋಗ ಎಲ್ಲರಿಗೂ ಗೊತ್ತಿರುವುದೇ. ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಅವರ ಯಜಮಾನರಿಗೆ ಇನ್ನೊಂದು ಕುರ್ಚಿ. ಸಹಿ ಅವರದು, ಮಾತು ಇವರದು. ನಾನು ಓಡಾಡುವ ಹಳ್ಳಿಗಳಲ್ಲಿ ಎರಡು ಬಗೆಯನ್ನೂ ಕಂಡಿದ್ದೇನೆ. ಮೊದಲ ವರ್ಷ ಸೆರಗಿನ ಮರೆಯಲ್ಲಿ ಕುಳಿತ ಸದಸ್ಯೆಯರು ಮೂರನೆಯ ವರ್ಷ ಬೋರ್‌ವೆಲ್ ಬಿಲ್ಲನ್ನು ಬೆರಳಿಟ್ಟು ಕೇಳಿದ್ದುಂಟು. ಸ್ಥಾನವೇ ಇಲ್ಲದಿದ್ದರೆ ಆ ಮೂರನೆಯ ವರ್ಷವೂ ಬರುತ್ತಿರಲಿಲ್ಲ.

ಹಾಗೆಂದು ಮೀಸಲು, ಮತ ಇಷ್ಟರಿಂದಲೇ ಎಲ್ಲವೂ ಆಯಿತೆಂದು ಅಂಬೇಡ್ಕರರು ತಿಳಿದಿರಲಿಲ್ಲ. 1949ರ ನವೆಂಬರ್ 25ರಂದು, ಸಂವಿಧಾನ ಅಂಗೀಕಾರವಾಗುವ ಹಿಂದಿನ ದಿನ, ಅವರು ಮತ್ತೊಂದು ಭಾಷಣ ಮಾಡಿದರು. 1950ರ ಜನವರಿ 26ರಂದು ನಾವು ಒಂದು ವಿರೋಧಾಭಾಸದ ಬಾಳಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಎಲ್ಲರೂ ಸಮ, ಸಮಾಜದಲ್ಲಿ ಮತ್ತು ಬದುಕಿನ ಸ್ಥಿತಿಗತಿಯಲ್ಲಿ ಅಸಮ. ಇದನ್ನು ಬೇಗ ಸರಿಪಡಿಸದಿದ್ದರೆ ನೊಂದವರು ಈ ಕಟ್ಟಡವನ್ನೇ ಕೆಡವಿಯಾರು ಎಂದು ಎಚ್ಚರಿಸಿದರು. ರಾಜಕೀಯದಲ್ಲಿ ವ್ಯಕ್ತಿಪೂಜೆ ಸಲ್ಲದು, ಅದು ಸರ್ವಾಧಿಕಾರಕ್ಕೆ ದಾರಿ ಎಂದೂ ಹೇಳಿದರು. ಅವರ ಪ್ರತಿಮೆಗೇ ಹಾರ ಹಾಕಿ ಮನೆಗೆ ಹೋಗುವವರು ಈ ಮಾತನ್ನು ಓದಬೇಕು. ಸಂವಿಧಾನ ಎಷ್ಟೇ ಒಳ್ಳೆಯದಾಗಿರಲಿ, ನಡೆಸುವವರು ಕೆಟ್ಟವರಾದರೆ ಅದೂ ಕೆಟ್ಟದ್ದೇ ಆಗುತ್ತದೆಂಬ ಮಾತೂ ಅದೇ ಭಾಷಣದ್ದು. ಇದಕ್ಕೆ ದೂರ ಹೋಗಬೇಕಿಲ್ಲ. 2016ರಲ್ಲಿ ಆಯ್ಕೆಯಾದ ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷಕ್ಕೊಮ್ಮೆ ಚುನಾವಣೆಯೆಂದು ಸಂವಿಧಾನದಲ್ಲಿ ಬರೆದಿದ್ದರೂ ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದರು.

ರೈತರಿಗಾಗಿ ಒಂದು ಸಣ್ಣ ವಿಷಯಾಂತರ. ಹೊಲಗಳು ತುಂಡು ತುಂಡಾಗುವುದನ್ನು ಕುರಿತು ಅಂಬೇಡ್ಕರರು 1918ರಲ್ಲಿಯೇ ಒಂದು ಲೇಖನ ಬರೆದಿದ್ದರು. ಹಿಡುವಳಿ ಚಿಕ್ಕದೋ ದೊಡ್ಡದೋ ಎಂಬುದನ್ನು ಎಕರೆಯಲ್ಲಿ ಅಳೆಯಬೇಡಿ. ಅದಕ್ಕೆ ತಕ್ಕ ಬಂಡವಾಳ, ಎತ್ತು, ಸಲಕರಣೆ ಇದೆಯೇ ನೋಡಿ, ಭೂಮಿಯ ಮೇಲೆ ಬಿದ್ದಿರುವ ಜನಭಾರವನ್ನು ಕೈಗಾರಿಕೆಗೆ ತಿರುಗಿಸಿ ಎಂಬುದು ಅದರ ಸಾರ. ನೀರಾವರಿ ಇಲ್ಲದ ಹತ್ತೆಕರೆಗಿಂತ ಹನಿ ನೀರಾವರಿಯ ಒಂದೆಕರೆ ಮೇಲೆಂದು ನಾವು ಇಂದು ಹೇಳುವುದೂ ಇದೇ ಜಾಡಿನದು.

ಈಗ ಒಂದು ಪ್ರಶ್ನೆ ಉಳಿಯುತ್ತದೆ. "ಹಾಗಾದರೆ ಅವಿರೋಧ ಆಯ್ಕೆಯೇ ತಪ್ಪೋ?" ಎಂದು ಕೆಲವರು ಕೇಳುತ್ತಾರೆ. ತಪ್ಪಲ್ಲ. ಕಣದಲ್ಲಿ ಒಬ್ಬರೇ ಉಳಿದರೆ ಅವರು ಆಯ್ಕೆಯಾದರೆಂದು ಸಾರಲು ಕಾನೂನಿನಲ್ಲಿಯೇ ಅವಕಾಶವಿದೆ. ನೋಡಬೇಕಾದದ್ದು ಉಳಿದವರು ನಾಮಪತ್ರ ಕೊಡದಿದ್ದದ್ದು ತಮ್ಮ ಇಷ್ಟದಿಂದಲೋ, ಹೆದರಿಕೆಯಿಂದಲೋ, ಹಣ ಕೈ ಬದಲಾಯಿಸಿತೋ ಎಂಬುದನ್ನು. ಯಾರಾದರೂ ಸ್ಥಾನವನ್ನು ಕೂಗಿಸುವುದು ತಿಳಿದರೆ ಚುನಾವಣಾಧಿಕಾರಿಗೆ ಅಥವಾ ತಹಸೀಲ್ದಾರರಿಗೆ ಬರೆದು ಕೊಡಬಹುದು.

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು. ಅದಕ್ಕೆ ಮೊದಲು ವಾರ್ಡ್ ಸಭೆ. ಮನೆಯ ಪಟ್ಟಿ ಓದುವಾಗ ಹೆಸರುಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಓದಿಸಿರಿ, "ಎಲ್ಲರಿಗೂ ಒಪ್ಪಿಗೆಯೇ?" ಎಂದು ಕೇಳಿ ಪುಸ್ತಕ ಮುಚ್ಚಲು ಬಿಡಬೇಡಿರಿ. ಆಕ್ಷೇಪಣೆ ಇದ್ದವರು ತಮ್ಮ ಹೆಸರು ಹೇಳಿ ನಡವಳಿ ಪುಸ್ತಕದಲ್ಲಿ ಬರೆಸಬಹುದು. ಬರೆಯಲು ಬಾರದವರ ಪರವಾಗಿ ಪಕ್ಕದವರು ಬರೆದು, ಅವರ ಹೆಬ್ಬೆಟ್ಟು ಹಾಕಿಸಿದರೆ ಸಾಕು. ಸಭೆಯ ದಿನಾಂಕವನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿರುತ್ತಾರೆ. ಹಾಕಿಲ್ಲದಿದ್ದರೆ ಕಾರ್ಯದರ್ಶಿಗಳನ್ನೋ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನೋ ಕೇಳಿರಿ. ಹೊಲಗೆಲಸವಿದ್ದ ದಿನ ಸಭೆ ಇಟ್ಟಿದ್ದರೆ ಬೇರೆ ದಿನ ಇಡಿರೆಂದು ಕೇಳಬಹುದು. ಕೂಲಿಗೆ ಹೋಗುವವರು ಸಂಜೆಯಲ್ಲದೆ ಬರಲಾರರು.